ಕಾಂಚನಾಳ ಟವೆಲ್ ಬಟನ್

ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಸಾಲಿನಲ್ಲಿ ಒಂದು ಹಳೇ ಮಿಲ್ಲು. ಅದರ ಮಹಡಿಯ ಮೇಲೊಂದು ಕೋಣೆ, ಕೋಣೆಯ ಬಾಗಿಲಿಗೊಂದು ಬೋರ್ಡು: ‘ಕಾಂಚನಾ, ಯೂಸರ್ ಎಕ್ಸ್‌ಪೀರಿಯನ್ಸ್ ಡಿಸೈನರ್’. ಈ ಬೋರ್ಡು ನೋಡಿ ಮೆಟ್ಟಿಲು ಹತ್ತಿದವರಲ್ಲಿ ಅರ್ಧ ಜನ ಆಧಾರ್ ತಿದ್ದುಪಡಿಗೆ ಬಂದವರು, ಉಳಿದರ್ಧ ಜೆರಾಕ್ಸಿಗೆ. ಒಬ್ಬ ಪುಣ್ಯಾತ್ಮ ಮಾತ್ರ ಬೋರ್ಡನ್ನು ಪೂರ್ತಿ ಓದಿಕೊಂಡು ಬಂದು, "ಮೇಡಂ, ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟು ಮಾಡ್ಕೊಡ್ತೀರಾ? ಅರ್ಜೆಂಟ್ ಐತೆ" ಎಂದು ಕೇಳಿದ್ದ.

ಅವಳ ಕೆಲಸವೇನು ಅಂತ ನೀವೂ ಕೇಳುತ್ತೀರಿ, ಹೇಳಿಬಿಡುತ್ತೇನೆ. ಒಂದು ವೆಬ್‌ಸೈಟಿಗೆ ಜನ ಬಂದರೆ ಎಲ್ಲಿ ಬೆರಳು ಇಡಬೇಕು, ಏನು ಹುಡುಕಿದರೆ ಏನು ಸಿಗಬೇಕು, ಸಿಗದಿದ್ದವರು ಬೈಯದೆ ಹೇಗೆ ಹೊರಗೆ ಹೋಗಬೇಕು, ಇದನ್ನೆಲ್ಲ ಮುಂಚೆಯೇ ಯೋಚಿಸಿ ಗೆರೆ ಎಳೆದುಕೊಡುವುದು. ಮನೆ ಕಟ್ಟುವ ಮುಂಚೆ ಬಾಗಿಲು ಎಲ್ಲಿ, ಬಚ್ಚಲು ಎಲ್ಲಿ ಅಂತ ನೋಡುತ್ತಾರಲ್ಲ, ಅದೇ. ಗಂಡ ಮಾರುತೇಶನಿಗೆ ಪರಶುರಾಂಪುರದಲ್ಲಿ ಬೀಜ-ಗೊಬ್ಬರದ ಅಂಗಡಿ. "ನಿನ್ ಹೆಂಡ್ತಿ ಏನ್ ಮಾಡ್ತಾಳಲೇ?" ಎಂದು ಯಾರಾದರೂ ಕೇಳಿದರೆ ಅವನು "ಕಂಪ್ಯೂಟರು" ಎಂದು ಹೇಳಿ ಶೇಂಗಾ ಬೀಜದ ಮಾತು ತೆಗೆಯುತ್ತಿದ್ದ.

ಕಾಂಚನಾ ಈ ವಿದ್ಯೆ ಕಲಿತದ್ದು ಆನ್‌ಲೈನ್ ಕೋರ್ಸಿನಲ್ಲಿ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಒಬ್ಬ ಮೇಷ್ಟ್ರು ಪ್ರತಿ ಪಾಠದಲ್ಲೂ ಹೇಳುತ್ತಿದ್ದ ಮಾತು ಒಂದೇ: "ಬಳಕೆದಾರನಿಂದ ಏನನ್ನೂ ಮುಚ್ಚಿಡಬೇಡಿ. ಬೆಲೆಯನ್ನಂತೂ ಮೊದಲು ತೋರಿಸಿ." ಅವಳು ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡಿದ್ದಳು. ಆ ಗೋಡೆಯ ಆಚೆಗೆ ಹಿಂಡಿಯ ವಾಸನೆ, ಈಚೆಗೆ ಪಾರದರ್ಶಕತೆ.

ಈಗ ಅವಳ ತಾಯಿ ನಿಂಗಕ್ಕನ ಸುದ್ದಿಗೆ ಬರೋಣ. ನನ್ನಿವಾಳದ ನಿಂಗಕ್ಕ ಕುರಿ ಸಂತೆಗೆ ಹೋಗುವ ಹೆಂಗಸು ಮಾತ್ರವಲ್ಲ, ಟವೆಲ್ ವ್ಯಾಪಾರ ಮಾಡುವ ಹೆಂಗಸು. ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಕೊಡುವವರೂ ಕೊಳ್ಳುವವರೂ ಕೈಗೆ ಕೈ ಸೇರಿಸಿ ಮೇಲೆ ಟವೆಲ್ ಹೊದಿಸುತ್ತಾರೆ. ಬೆರಳಿಗೆ ಇಷ್ಟು ರೂಪಾಯಿ ಎಂದು ಲೆಕ್ಕ, ಒಳಗೆ ಬೆರಳು ಹಿಡಿದು ಕೇಳುವುದು, ಬೆರಳು ಮಡಿಸಿ ಇಳಿಸುವುದು. ಸುತ್ತ ನಿಂತವರಿಗೆ ಟವೆಲ್ ಅಲ್ಲಾಡುವುದಷ್ಟೇ ಕಾಣುತ್ತದೆ. ಕುದುರದಿದ್ದರೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರಾಯಿತು. ಯಾರು ಎಷ್ಟಕ್ಕೆ ಇಳಿದರು, ಯಾರು ಎಷ್ಟಕ್ಕೆ ಅಂಗಲಾಚಿದರು ಅನ್ನುವುದು ಮೂರನೆಯವರಿಗೆ ತಿಳಿಯುವುದಿಲ್ಲ. ಗಂಡ ಸತ್ತ ಮೇಲೆ ನಿಂಗಕ್ಕ ಮೊದಲ ಸಲ ಸಂತೆಗೆ ಬಂದು ಕಂಬಳಿಯ ತುದಿಯ ಕೆಳಗೆ ಕೈ ಚಾಚಿದಾಗ ಗಂಡಸರು ಹಿಂದೆಗೆದರು. "ನನ್ ಕೈ ಹಿಡಿದ್ರೆ ನಿನ್ ಹೆಂಡ್ತಿ ಏನೂ ಅನ್ನಲ್ಲ ಕಣಪ್ಪ, ಇಂಥಾ ಕುರಿ ಬಿಟ್ ಹೋದ್ರೆ ಅಂತಾಳೆ" ಎಂದಳು. ಅವತ್ತಿನಿಂದ ಅವಳ ಕೈ ಸಂತೆಯಲ್ಲಿ ನಡೆಯಿತು. ನಿಂಗಕ್ಕ ಬೆರಳು ಕೊಟ್ಟಳೆಂದರೆ ಮಾತು ಕೊಟ್ಟ ಹಾಗೆ. ಅದೊಂದೇ ಅವಳ ಆಸ್ತಿ, ಅದರ ಜಂಬವೂ ಅವಳಿಗೆ ಬೇಕಾದಷ್ಟಿತ್ತು.

ಹೀಗಿರುವಾಗ ಕುರಿ ಸಾಕುವವರ ಸಂಘಕ್ಕೆ ಒಂದು ವೆಬ್‌ಸೈಟು ಮಾಡಬೇಕೆಂಬ ಆಸೆ ಹುಟ್ಟಿತು. ಸಂಘಕ್ಕೆ ಅನ್ನುವುದಕ್ಕಿಂತ ಸಂಘದ ಅಧ್ಯಕ್ಷ ದೊಡ್ಡಪಾಲಯ್ಯನಿಗೆ ಅನ್ನಿ. ಅವನ ಬೀಗರ ಸಂಘಕ್ಕೊಂದು ವೆಬ್‌ಸೈಟ್ ಇತ್ತು, ಅದರಲ್ಲಿ ಬೀಗರ ಫೋಟೋ ಇತ್ತು, ಅದನ್ನು ನೋಡಿದಾಗಿನಿಂದ ಪಾಲಯ್ಯನಿಗೆ ನಿದ್ದೆ ಇರಲಿಲ್ಲ. ಕೆಲಸ ಕಾಂಚನಾಳಿಗೆ ಸಿಕ್ಕಿತು. ಅವಳ ಜೀವನದಲ್ಲಿ ಸಿಕ್ಕ ಮೊದಲ ದೊಡ್ಡ ಕೆಲಸ. ಕುರಿ ಮಾರುವವರು, ಕೊಳ್ಳುವವರು, ಕಾಯುವವರು ಎಲ್ಲ ಒಂದು ಕಡೆ ಸೇರಿ ಮಾತಾಡಬೇಕು, ಬೇಕಾದ ಕುರಿಯನ್ನು ಹುಡುಕಿಕೊಳ್ಳಬೇಕು. ರಾತ್ರಿ ಕುರಿಗಳನ್ನು ಕೂಡುವ ಮುಳ್ಳುಬೇಲಿಗೆ ನಮ್ಮ ಕಡೆ ರೊಪ್ಪ ಎನ್ನುತ್ತಾರೆ. ಅವಳು ಸೈಟಿಗೆ ‘ನಮ್ಮ ರೊಪ್ಪ’ ಎಂದೇ ಹೆಸರಿಟ್ಟಳು.

ಮೊದಲ ಪುಟವನ್ನು ತೋರಿಸಿದಾಗ ಪಾಲಯ್ಯ ಕನ್ನಡಕ ಏರಿಸಿ ನೋಡಿದ. "ಎಲ್ಲಾ ಚೆನ್ನಾಗೈತೆ ಕಣವ್ವ. ಫೋಟೋ ಒಂಚೂರು ದೊಡ್ದಾಗ್ಲಿ."

"ಯಾವ ಫೋಟೋ ಅಧ್ಯಕ್ಷರೇ? ಕುರೀದಾ?"

"ಕುರೀನ ಜನ ದಿನಾ ನೋಡ್ತಾರೆ. ನಂದು."

ಫೋಟೋ ದೊಡ್ಡದಾಯಿತು. ಆಮೇಲೆ ಅದಕ್ಕೊಂದು ಹಾರ ಬಂತು. ಹಾರ ಹಾಕಿದರೆ ತಿಥಿ ಫೋಟೋ ಥರ ಕಾಣುತ್ತದೆ ಎಂದು ಯಾರೋ ಅಂದರು, ಹಾರ ಹೋಗಿ ಪೇಟ ಬಂತು. ಸೈಟು ಶುರುವಾದ ಮೇಲೆ ಪಾಲಯ್ಯನ ದಿನಚರಿ ಹೀಗೆ: ಬೆಳಿಗ್ಗೆ ಎದ್ದು ಹುಡುಕುವ ಜಾಗದಲ್ಲಿ ‘ದೊಡ್ಡಪಾಲಯ್ಯ’ ಎಂದು ಬರೆಯುವುದು, ತಾನು ಬಂದನೋ ಇಲ್ಲವೋ ನೋಡುವುದು, ಬಂದಿದ್ದರೆ ಹಲ್ಲುಜ್ಜುವುದು. ಒಂದು ದಿನ ‘ಟಗರು’ ಎಂದು ಬರೆದು ನೋಡಿದ, ತಾನು ಬರಲಿಲ್ಲ. ತಕ್ಷಣ ಫೋನು. "ಏನ್ ಹುಡುಕಿದ್ರೂ ಫಸ್ಟು ಅಧ್ಯಕ್ಷರು ಬರ್ಬೇಕಮ್ಮ. ಮರ್ಯಾದೆ ಅಂತ ಒಂದೈತಲ್ಲ?" ಕಾಂಚನಾ ಎಷ್ಟು ಹೇಳಿದರೂ ಕೇಳಲಿಲ್ಲ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೊನೆಗೆ ಅವಳು ಹಾಗೇ ಮಾಡಿಕೊಟ್ಟಳು. ಮಾರನೇ ದಿನವೇ ಟಗರು ಹುಡುಕಿದವರೊಬ್ಬರು ಮೊದಲು ಬಂದ ಫೋಟೋದ ಕೆಳಗೆ ಕೇಳಿದ್ದರು: "ಮೈ ಪರವಾಗಿಲ್ಲ. ಹಲ್ಲು ಎಷ್ಟು?"

ಅದಿರಲಿ. ಅವಳು ಹಗಲಿರುಳು ಕೂತು ತಳಿ, ವಯಸ್ಸು, ತೂಕ, ಬಣ್ಣ ಎಂದು ಹುಡುಕಲು ಖಾನೆಗಳನ್ನು ಮಾಡಿದ್ದಳಲ್ಲ, ಅವುಗಳನ್ನು ಒಂದು ನರಪಿಳ್ಳೆಯೂ ಮುಟ್ಟಲಿಲ್ಲ. ಜನ ಹುಡುಕುತ್ತಿದ್ದದ್ದು ಕುರಿಗಳನ್ನಲ್ಲ, ಜನರನ್ನು. ‘ನನ್ನಿವಾಳದ ಚಿಕ್ಕೀರಪ್ಪನ ಬೀಗರ ಮರಿ.’ ‘ಮೊನ್ನೆ ಬಸ್ಸಿನಲ್ಲಿ ಸಿಕ್ಕಿದ್ರಲ್ಲ ಅವರದ್ದು.’ ಪಕ್ಕದ ಮನೆಯವನು ಏನು ಮಾರುತ್ತಿದ್ದಾನೆ, ಯಾಕೆ ಮಾರುತ್ತಿದ್ದಾನೆ, ಮಗಳ ಮದುವೆ ಏನಾದರೂ ಗೊತ್ತಾಯಿತೇ ಎಂಬುದೇ ಎಲ್ಲರ ಹುಡುಕಾಟ. ಕೋರ್ಸಿನಲ್ಲಿ ಇಂಥ ಬಳಕೆದಾರರ ಪಾಠವೇ ಇರಲಿಲ್ಲ.

ಮಾರಾಟಕ್ಕೆ ಮಾತ್ರ ಯಾರೂ ಮುಂದೆ ಬರಲಿಲ್ಲ. ಆಗ ನಿಂಗಕ್ಕ, "ನಮ್ ಕೆಂದನ್ನ ಹಾಕು ಮೊದ್ಲು. ಅವನನ್ನ ನೋಡಿದ್ಮೇಲೆ ಎಲ್ರೂ ಬರ್ತಾರೆ" ಎಂದಳು. ಕೆಂದ ಅವಳು ಹುರುಳಿ ನುಚ್ಚು ತಿನ್ನಿಸಿ ಸಾಕಿದ ಟಗರು. ನಡೆದು ಬಂದರೆ ದಾರಿ ಬಿಡಬೇಕು, ಅಂಥ ಪ್ರಾಣಿ. "ಬೆಲೆ ಎಷ್ಟು ಅಂತ ಹಾಕ್ಲವ್ವ?" ಎಂದು ಮಗಳು ಕೇಳಿದಾಗ ನಿಂಗಕ್ಕ ಅತ್ತಿತ್ತ ನೋಡಿ, ತನ್ನದೇ ಮನೆಯಲ್ಲೂ, ಅವಳ ಕಿವಿಯಲ್ಲಿ ಹೇಳಿದಳು. ಕಾಂಚನಾ ಅದನ್ನು ಹಸಿರು ಅಕ್ಷರದಲ್ಲಿ, ಅಂಗೈಯಷ್ಟು ದಪ್ಪಗೆ, ಟಗರಿನ ಕೊಂಬಿನ ಮೇಲೆಯೇ ಹಾಕಿಬಿಟ್ಟಳು.

ಅಯ್ಯೋ, ಈ ಹುಡುಗಿಗೆ ಏನು ಹೇಳೋಣ! ತಾಯಿಯ ಕಂಬಳಿ ಹಿಡಿದುಕೊಂಡೇ ಸಂತೆಯಲ್ಲಿ ಬೆಳೆದವಳು. ಟವೆಲ್ ಯಾಕೆ ಹೊದಿಸುತ್ತಾರೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೋರ್ಸಿನಲ್ಲಿ ಬಂದಿರಲಿಲ್ಲವಾದ್ದರಿಂದ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಅಷ್ಟೆ.

ಸಂತೆಯ ದಿನ ನಿಂಗಕ್ಕ ಕೆಂದನ ಹಗ್ಗ ಹಿಡಿದು ಬೇವಿನ ಮರದ ಕೆಳಗೆ ನಿಂತಳು, ಹೆಗಲ ಮೇಲೆ ಕಂಬಳಿ. ಯಾರೂ ಕೈ ಚಾಚಲಿಲ್ಲ. ಬಂದವರು ಟಗರಿನ ಬೆನ್ನು ಒತ್ತಿ ನೋಡುವರು, ಜೇಬಿನಿಂದ ಫೋನು ತೆಗೆದು ಅದನ್ನೂ ನೋಡುವರು, ಮುಸಿಮುಸಿ ನಕ್ಕು ಮುಂದೆ ಹೋಗುವರು. ಕೊನೆಗೆ ಮೊಳಕಾಲ್ಮುರಿನ ವ್ಯಾಪಾರಿ ಚಂದ್ರಣ್ಣ ಬಂದ. ಲೆಕ್ಕವೆಲ್ಲ ತೆಲುಗಿನಲ್ಲಿ, ಬೈಗುಳವೆಲ್ಲ ಕನ್ನಡದಲ್ಲಿ ಮಾಡುವ ಮನುಷ್ಯ.

"ಏನ್ ನಿಂಗಕ್ಕ, ರೇಟು ಬೋರ್ಡಿಗೇ ಬರ್ಸಿಬಿಟ್ಟಿದ್ದೀಯ? ಟಗರಿಗೆ ಏನಾರ ಕಾಯಿಲೆನಾ, ಇಲ್ಲಾ ನಿಂಗೇನಾರ ಕಷ್ಟಾನಾ?"

ಬಾಯಿಬಿಟ್ಟು ಕೂಗಿದ ಬೆಲೆ ಎಂದರೆ ಸೋತವರ ಬೆಲೆ, ಸಂತೆಯ ಲೆಕ್ಕವೇ ಹಾಗೆ. ನಿಂಗಕ್ಕ ಕೆಂದನನ್ನು ವಾಪಸ್ ಹೊಡೆದುಕೊಂಡು ಬಂದಳು. ರಾತ್ರಿ ಮಗಳಿಗೆ ಮುದ್ದೆ ಬಡಿಸುತ್ತಾ, "ಕಿವೀಲಿ ಹೇಳಿದ್ದನ್ನ ಊರಿಗೆಲ್ಲಾ ಡಂಗುರ ಹೊಡೆದೆಯಲ್ಲೇ ಕಾಂಚಿ" ಎಂದಳು. ಬೈದಿದ್ದರೆ ಕಾಂಚನಾ ತಡೆದುಕೊಳ್ಳುತ್ತಿದ್ದಳು. ಅವಳು ಬೈಯಲಿಲ್ಲ, ಸಾರು ಹಾಕಿದಳು.

ಮರುದಿನ ಗೋಡೆಯ ಚೀಟಿ ಹರಿದು ಕಸದ ಬುಟ್ಟಿ ಸೇರಿತು. ಅವಳು ಹಟ ಹಿಡಿದು ಕೂತು ಮಾಡಿದ್ದೇ ಟವೆಲ್ ಬಟನ್. ಕುರಿಯ ಚಿತ್ರದ ಕೆಳಗೆ ಬೆಲೆ ಇಲ್ಲ, ಒಂದು ಕೆಂಪು ಚೌಕುಳಿ ಟವೆಲ್. ಅದನ್ನು ಒತ್ತಿದರೆ ಪರದೆ ಮುಚ್ಚಿಕೊಳ್ಳುತ್ತದೆ, ಬೆರಳುಗಳ ಚಿತ್ರ ಬರುತ್ತದೆ. ಕೊಳ್ಳುವವನು ಬೆರಳು ಹಿಡಿಯುತ್ತಾನೆ, ಕೊಡುವವಳು ಮಡಿಸುತ್ತಾಳೆ. ಕುದುರಿದರೆ ಇಬ್ಬರಿಗೂ ಫೋನ್ ನಂಬರು ಸಿಗುತ್ತದೆ. ಕುದುರದಿದ್ದರೆ ಎಲ್ಲ ಅಳಿಸಿಹೋಗುತ್ತದೆ.

ಪರೀಕ್ಷೆ ಮಾಡಲು ಬಸ್ಸು ಹತ್ತಿ ಮೊಳಕಾಲ್ಮುರಿಗೇ ಹೋದಳು. ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಚಂದ್ರಣ್ಣನ ಕೈಗೆ ಫೋನು ಕೊಟ್ಟಳು. ಅವನು ಬಟನ್ ಒತ್ತಿದ, ಪರದೆಯ ಮೇಲೆ ಟವೆಲ್ ಬಂತು. ಅವನು ಸುತ್ತ ಒಮ್ಮೆ ನೋಡಿ, ತನ್ನ ಹೆಗಲ ಮೇಲಿನ ಟವೆಲನ್ನೂ ತೆಗೆದು ಫೋನಿನ ಮೇಲೆ ಹೊದಿಸಿ, ಅದರೊಳಗೆ ತಲೆ ತೂರಿಸಿದ. ಒಳಗಿನಿಂದ "ಸರೇ, ಸರೇ" ಎಂದು ತೆಲುಗು ಕೇಳಿಬಂತು. ಹೊರಗೆ ಬಂದು, "ಇದು ವ್ಯಾಪಾರ ಅಂದ್ರೆ! ಮುಂಚೆ ಮಾಡಿದ್ದು ಏನಮ್ಮ ಅದು, ಮೈಕಾಸುರನ ಕೆಲಸ" ಎಂದ. ಆ ತಿಂಗಳು ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಗಂಡಸರು ತಲೆಗೆ ಟವೆಲ್ ಮುಸುಕು ಹಾಕಿ ಫೋನು ನೋಡುವುದನ್ನು ಕಂಡು ಹೆಂಡತಿಯರಿಗೆ ಬೇರೆಯೇ ಅನುಮಾನ ಬಂದು ಮನೆಮನೆಯಲ್ಲೂ ಜಗಳವಾಯಿತು. ರೊಪ್ಪ ತುಂಬಿತು.

ತುಂಬಿದ ರೊಪ್ಪಕ್ಕೆ ತೋಳ ಬರದೆ ಇರುತ್ತದೆಯೇ? ಪಾಲಯ್ಯ ಮಹಡಿ ಹತ್ತಿ ಬಂದ.

"ಒಳಗೆ ಏನ್ ನಡೀತೈತೆ ಅಂತ ನಂಗೆ ಕಾಣಲ್ವಲ್ಲಮ್ಮ?"

"ಯಾರಿಗೂ ಕಾಣಬಾರ್ದು ಅಂತಲೇ ಅಧ್ಯಕ್ಷರೇ ಟವೆಲ್ ಹಾಕಿರೋದು."

"ಯಾರಿಗೂ ಅಂದ್ರೆ ಜನಕ್ಕೆ. ನಾನು ಅಧ್ಯಕ್ಷ. ನನ್ ಮನೇಲಿ ನಂಗೇ ಅಗುಳಿ ಹಾಕ್ತೀಯಾ? ದಾವಣಗೆರೆಯೋರು ಇನ್ನೂ ಚೆನ್ನಾಗಿ ಮಾಡ್ಕೊಡ್ತೀವಿ ಅಂತ ದಿನಾ ಫೋನ್ ಮಾಡ್ತಾವ್ರೆ, ನಾನೇ ನಮ್ ಹುಡುಗಿ ಅಂತ ಸುಮ್ನಿದ್ದೀನಿ."

ಈ ಕೆಲಸ ಹೋದರೆ ಮತ್ತೆ ಜೆರಾಕ್ಸು, ಆಧಾರ್ ಎಂದು ಬರುವವರೇ ಗತಿ. ಆಮೇಲೆ ಬಾಗಿಲ ಬೋರ್ಡನ್ನು ತಾನೇ ತೆಗೆಯಬೇಕು. ಕಾಂಚನಾ ಅಧ್ಯಕ್ಷರಿಗೊಂದು ಕಿಟಕಿ ಮಾಡಿಕೊಟ್ಟಳು. ಅದರಲ್ಲಿ ಇಣುಕಿದರೆ ಎಲ್ಲರ ಟವೆಲ್ ಕೆಳಗಿನ ಎಲ್ಲ ಬೆರಳೂ ಕಾಣುತ್ತಿತ್ತು. ಮನಸ್ಸಿಗೆ ಸಮಾಧಾನ ಹೇಳಿಕೊಂಡಳು: ಈಯಪ್ಪ ತನ್ನ ಫೋಟೋ ಬಿಟ್ಟು ಬೇರೇನೂ ನೋಡಲ್ಲ, ಕಿಟಕಿ ಎಲ್ಲಿ ತೆರೀತಾನೆ! ಜನ ಮೇಲಿಂದ ಮೇಲೆ "ಇದು ಬೇರೆ ಯಾರಿಗಾದ್ರೂ ಕಾಣುತ್ತಾ?" ಎಂದು ಕೇಳುತ್ತಿದ್ದರು. ಟವೆಲಿನ ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದಳು: ‘ಯಾರಿಗೂ ಕಾಣುವುದಿಲ್ಲ.’ ಅಕ್ಷರ ಯಾವ ಬಣ್ಣದಲ್ಲಿರಬೇಕು ಎಂದು ಮಾತ್ರ ಬಹಳ ಹೊತ್ತು ಯೋಚಿಸಿದಳು.

ನಿಂಗಕ್ಕ ಕೆಂದನನ್ನು ಮತ್ತೆ ಹಾಕಿದಳು, ಈ ಸಲ ಟವೆಲ್ ಕೆಳಗೆ. ಚಂದ್ರಣ್ಣ ಬೆರಳು ಹಿಡಿದ, ಅವಳು ಮಡಿಸಿದಳು, ಕೊನೆಯ ಬೆರಳಿನಲ್ಲಿ ಇಬ್ಬರೂ ಪಟ್ಟು ಬಿಡದೆ ನಿಂತರು. ಸಂತೆಯ ದಿನ ಎದುರುಬದುರು ಕೂತು ಮುಗಿಸುವುದೆಂದಾಯಿತು. ಕಾಂಚನಾಳೂ ಸಂತೆಗೆ ಬಂದಿದ್ದಳು, ಜನರಿಗೆ ರೊಪ್ಪ ತೋರಿಸಿಕೊಡಲು. ನನ್ನಿವಾಳದ ಚಿಕ್ಕೀರಪ್ಪ, ಕುರಿ ಕಾಯ್ದೇ ಮುಪ್ಪಾದವನು, ಎಲ್ಲರ ಎದುರು ಕೇಳಿದ: "ಅಲ್ಲವ್ವ ಕಾಂಚಿ, ಖರೇ ಹೇಳು, ಒಳಗೆ ಇನ್ಯಾರ ಕೈಯೂ ಇಲ್ವಾ?"

ಕಾಂಚನಾ ಬಾಯಿ ತೆರೆಯುವ ಮೊದಲೇ ನಿಂಗಕ್ಕ ಎದ್ದು ನಿಂತಳು. "ನನ್ ಮಗಳು ಬರೆದವಳೆ, ಯಾರಿಗೂ ಕಾಣಲ್ಲ ಅಂತ. ನನ್ ಕೈ ಎಷ್ಟು ಗಟ್ಟಿಯೋ ಅವಳ ಮಾತೂ ಅಷ್ಟೇ ಗಟ್ಟಿ. ಸುಳ್ಳಾದ್ರೆ ನಾನು ಈ ಸಂತೇಲಿ ಕೈ ಚಾಚಲ್ಲ. ಅಲ್ವೇನೇ?"

"ಹೂಂ ಅವ್ವ" ಎಂದಳು ಕಾಂಚನಾ. ನೆಲ ನೋಡಿಕೊಂಡು ಅಂದಳು.

ಕಂಬಳಿ ಹರಡಿತು. ನಿಂಗಕ್ಕನ ಕೈ, ಚಂದ್ರಣ್ಣನ ಕೈ ಒಳಗೆ. ಕಂಬಳಿ ಎರಡು ಸಲ ಅಲ್ಲಾಡಿತು. ಅಷ್ಟರಲ್ಲಿ ಬಿಳಿ ಪಂಚೆ, ಪೇಟದ ಪಾಲಯ್ಯ ಜನರನ್ನು ಸರಿಸಿಕೊಂಡು ಬಂದ. ಸಂತೆಗೆಲ್ಲ ತಾನೇ ಯಜಮಾನ ಎಂದು ತೋರಿಸಿಕೊಳ್ಳಬೇಕು, ಅದಿಲ್ಲದಿದ್ದರೆ ಅವನಿಗೆ ಉಂಡ ಅನ್ನ ಅರಗುವುದಿಲ್ಲ. ನಿಂತಲ್ಲಿಂದಲೇ, ಎಲ್ಲರಿಗೂ ಕೇಳಿಸುವ ಹಾಗೆ:

"ಏನ್ ಚಂದ್ರಣ್ಣ, ಇನ್ನೂ ಎಳೀತಿದ್ದೀಯಾ? ನಿಂಗಕ್ಕ ಮೊನ್ನೇನೇ ಇಳಿದಳಲ್ಲ, ಕೊಟ್ಟು ಮುಗಿಸಪ್ಪ. ಚಿಕ್ಕೀರಪ್ಪನ ಬಡಕಲು ಟಗರಿಗೆ ಇದಕ್ಕಿಂತ ಜಾಸ್ತಿ ಬೆರಳು ಕೊಟ್ಟಿದ್ದೀಯ, ನಾನು ನೋಡಿಲ್ವಾ?"

ಕಂಬಳಿ ಅಲ್ಲಾಡುವುದು ನಿಂತಿತು.

ಆಮೇಲೆ ಎಲ್ಲರೂ ಒಟ್ಟಿಗೆ ಬಾಯಿ ತೆರೆದರು. ತನ್ನ ಟಗರನ್ನು ಬಡಕಲು ಎಂದದ್ದಕ್ಕೆ ಚಿಕ್ಕೀರಪ್ಪ, ತನ್ನ ಗುಟ್ಟು ಬಯಲಾದದ್ದಕ್ಕೆ ಚಂದ್ರಣ್ಣ, ತಾನು ಯಾರ ಯಾರ ಜೊತೆ ಎಷ್ಟಕ್ಕೆ ಬೆರಳು ಆಡಿಸಿದ್ದೆ ಎಂದು ನೆನಪಾಗಿ ಉಳಿದವರೆಲ್ಲ. ಪಾಲಯ್ಯನಿಗೆ ತಾನೇನು ಮಾಡಿದೆ ಎಂಬುದೇ ತಿಳಿಯಲಿಲ್ಲ. "ಯಾಕ್ರೋ ಕೂಗಾಡ್ತೀರಾ, ಅಧ್ಯಕ್ಷನಿಗೆ ಗೊತ್ತಿರಬಾರ್ದಾ?" ಎಂದು ಅವನೂ ಕೂಗಿದ.

ನಿಂಗಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. ಮಗಳ ಕಡೆ ತಿರುಗಿಯೂ ನೋಡದೆ ಕಂಬಳಿ ಮಡಚಿ, ಕೆಂದನ ಹಗ್ಗ ಹಿಡಿದು ನಡೆದಳು. ದಾರಿಯಲ್ಲಿ ಮಗಳ ಜೊತೆ ನಡೆಯಲಿಲ್ಲ, ಮನೆಯಲ್ಲಿ ಮುದ್ದೆ ಬಡಿಸಲೂ ಇಲ್ಲ. ಮುಂದಿನ ಸಂತೆಗೆ ಹೋದಳು, ಬೇವಿನ ಮರದ ಕೆಳಗೆ ಸುಮ್ಮನೆ ಕೂತು ಬಂದಳು. ಆಡಿದ ಮಾತು ಆಡಿದ್ದೇ, ಅವಳು ಕೈ ಚಾಚಲಿಲ್ಲ. ಯಾರೂ ಅವಳ ಕಡೆ ಕೈ ಚಾಚಲೂ ಇಲ್ಲ. ಅಷ್ಟು ವರ್ಷ ನಡೆದ ಕೈ ಮಡಿಲಲ್ಲಿ ಬಿದ್ದಿತ್ತು. ಕಾಂಚನಾ ಅದನ್ನು ದೂರದಿಂದ ನೋಡಿದಳು.

ಅದರ ಮುಂದಿನ ಸಂತೆಗೆ ಕಾಂಚನಾ ತಾನೇ ಬಂದು ಮರದ ಕೆಳಗಿನ ಕಟ್ಟೆ ಹತ್ತಿದಳು. "ನಮ್ಮವ್ವಂದು ಏನೂ ತಪ್ಪಿಲ್ಲ" ಎಂದು ಶುರು ಮಾಡಿದಳು. "ಯಾರಿಗೂ ಕಾಣಲ್ಲ ಅಂತ ನಾನೇ ಬರ್ದೆ. ಅಧ್ಯಕ್ಷರಿಗೆ ಕಾಣೋಕೆ ಕಿಟಕಿ ಮಾಡಿಕೊಟ್ಟೋಳೂ ನಾನೇ. ಕೆಲಸ ಹೋಗುತ್ತೆ ಅಂತ ಹೆದರ್ಕೊಂಡೆ. ಅವ್ವಂಗೆ ಗೊತ್ತಿರಲಿಲ್ಲ. ಅವಳ ಕೈ ಸುಳ್ಳಲ್ಲ, ನನ್ ಮಾತು ಸುಳ್ಳು." ಎಂದವಳೇ ಎಲ್ಲರೂ ನೋಡುತ್ತಿದ್ದಂತೆ ಫೋನು ತೆಗೆದು ಕಿಟಕಿಯನ್ನು ಅಳಿಸಿದಳು.

ಪಾಲಯ್ಯ ಅಲ್ಲೇ ಇದ್ದ. "ನಾಳೆಯಿಂದ ನೀನು ಬರ್ಬೇಡ!" ಎಂದು ಗುಡುಗಿದ. ಅವನ ಮಾತಿನಂತೆಯೇ ಸೈಟು ದಾವಣಗೆರೆಯವರ ಕೈಗೆ ಹೋಯಿತು. ಅವರು ಟವೆಲ್ ತೆಗೆದುಹಾಕಿ, ಅಧ್ಯಕ್ಷರ ಫೋಟೋ ಗರಗರ ತಿರುಗುವ ಹಾಗೆ ಮಾಡಿಕೊಟ್ಟಿದ್ದಾರೆ. ಈಗಲೂ ಬೆಳಿಗ್ಗೆ ಅಲ್ಲಿ ಒಬ್ಬರು ಬಂದು ‘ದೊಡ್ಡಪಾಲಯ್ಯ’ ಎಂದು ಹುಡುಕುತ್ತಾರೆ, ಸಿಗುತ್ತಾರೆ, ಹೊರಟುಹೋಗುತ್ತಾರೆ. ಬೇರೆ ಯಾರೂ ಬರುವುದಿಲ್ಲ.

ಆದರೆ ಅವತ್ತು ಪಾಲಯ್ಯ ಗುಡುಗಿ ಹೋದ ಮೇಲೆ ಕಾಂಚನಾ ಕಟ್ಟೆಯಿಂದ ಇಳಿದು ಒಬ್ಬಳೇ ನಿಂತಿದ್ದಳು. ಯಾರೂ ಹತ್ತಿರ ಬರಲಿಲ್ಲ, ಬೈಯಲೂ ಇಲ್ಲ. ಚಿಕ್ಕೀರಪ್ಪ ಗಂಟಲು ಸರಿಮಾಡಿಕೊಂಡು, "ಆ ಕಿಟಕಿ ಇಲ್ದಿರೋ ರೊಪ್ಪ ಇನ್ನೊಂದು ಕಟ್ಟೋಕೆ ಏನ್ ಕೇಳ್ತಾಳಂತೆ ಈ ಹುಡುಗಿ?" ಎಂದ, ಯಾರನ್ನೂ ಅಲ್ಲ, ತನ್ನ ಕೋಲನ್ನು ಕೇಳಿದ ಹಾಗೆ.

"ಅಂಥಾ ಮಾತು ಬಾಯ್ಬಿಟ್ಟು ಕೇಳೋದೇನಲೇ ಚಿಕ್ಕೀರ?" ಎಂದಿತು ಒಂದು ಗಂಟಲು. ನಿಂಗಕ್ಕ. ಅಷ್ಟು ದಿನಗಳ ಮೇಲೆ ಸಂತೆಯಲ್ಲಿ ಅವಳು ಎತ್ತಿದ ಮೊದಲ ದನಿ. ಅವಳು ಎದ್ದು ಬಂದು ಮಗಳ ಎದುರು ನಿಂತಳು, ಕಂಬಳಿ ಬಿಚ್ಚಿದಳು.

"ಕೈ ತಾ."

ಕಾಂಚನಾ ಕೈ ಚಾಚಿದಳು. ಮೇಲೆ ಕಂಬಳಿ ಬಿತ್ತು. ಚಂದ್ರಣ್ಣ, ಚಿಕ್ಕೀರಪ್ಪ, ಇಡೀ ಸಂತೆ ಕತ್ತು ಉದ್ದ ಮಾಡಿ ನೋಡಿತು. ಕಂಬಳಿ ಒಂದು ಸಲ ಜೋರಾಗಿ ಅಲ್ಲಾಡಿತು, ಆಮೇಲೆ ಬಹಳ ಹೊತ್ತು ಸುಮ್ಮನಿತ್ತು. ಕಾಂಚನಾಳ ಕಣ್ಣಲ್ಲಿ ಮಾತ್ರ ದಳದಳ ನೀರು. ಅವ್ವ ಒಳಗೆ ಚಿವುಟಿದಳೋ, ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳೋ, ಯಾರಿಗೂ ಕಾಣಲಿಲ್ಲ.